ಐದರ ಮೇಲೊಂದು

ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಚುಚ್ಚಿಕೊಂಡ ಕಾಲು ಗಂಟೆಯೊಳಗೆ ಹೊಟ್ಟೆಗೆ ಏನಾದರೂ ಬೀಳಬೇಕು. ಇದನ್ನು ಡಾಕ್ಟರು ಅಕ್ಕನಿಗೆ ಹತ್ತು ಸಲ ಹೇಳಿದ್ದರೆ ನನಗೆ ಇಪ್ಪತ್ತು ಸಲ ಹೇಳಿದ್ದಾರೆ. ಅಕ್ಕ ತಲೆಯಾಡಿಸಿ ಮರೆಯುತ್ತಾಳೆ, ನಾನು ರೇಗಿ ನೆನಪಿಟ್ಟುಕೊಳ್ಳುತ್ತೇನೆ. ಅದು ಅವರಿಗೂ ಗೊತ್ತಾಗಿದೆ. ತಿನ್ನದೆ ಕೂತರೆ ರಕ್ತದ ಸಕ್ಕರೆ ಇಳಿಯುತ್ತದೆ. ಮೊದಲು ಬೆವರು, ಆಮೇಲೆ ಕೈ ನಡುಕ, ಆಮೇಲೆ ಅಡ್ಡಾದಿಡ್ಡಿ ಮಾತು, ಆಮೇಲೆ ಎಚ್ಚರ ತಪ್ಪುವುದು. ಅದರ ಮುಂದಿನದನ್ನು ಡಾಕ್ಟರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಹೋಟೆಲಿನಲ್ಲಿ ನಮ್ಮ ಎರಡನೇ ದಿನ, ಬೆಳಿಗ್ಗೆ ಎಂಟು ಮುಕ್ಕಾಲಿಗೆ ಅಕ್ಕ ಇಂಜೆಕ್ಷನ್ ತೆಗೆದುಕೊಂಡಳು. ಕೆಳಗಿನ ದೊಡ್ಡ ಹಾಲಿನಲ್ಲಿ ತಿಂಡಿ ಕೊಡುವುದು ಒಂಬತ್ತಕ್ಕೆ.

"ಇನ್ನೂ ಟೈಮಿದೆ. ನನ್ನ ಜಾಗ ಒಂದ್ಸಲ ನೋಡ್ಕೊಂಡು, ಹಾಗೇ ತಿಂಡಿಗೆ ಬಂದ್ಬಿಡ್ತೀನಿ," ಎಂದಳು.

ಹೋಟೆಲು ಅಂದೆನಲ್ಲ, ಅದು ಮೊದಲು ಟೆಲಿಫೋನ್ ಎಕ್ಸ್‌ಚೇಂಜ್ ಆಗಿತ್ತು. ಊರಿನ ಹಳೇ ಭಾಗದಲ್ಲಿ ಮೂರು ಮಹಡಿಯ ಕಲ್ಲಿನ ಕಟ್ಟಡ, ಎರಡಾಳೆತ್ತರದ ಕಿಟಕಿಗಳು, ಒಂದು ಮೊಳ ದಪ್ಪದ ಗೋಡೆಗಳು. ಅಕ್ಕ ಅಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದಳು. ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಬೋರ್ಡಿನ ಮುಂದೆ ಕೂತು, ತೂತಿನಿಂದ ತೂತಿಗೆ ವೈರು ಚುಚ್ಚಿ ಊರೂರನ್ನು ಮಾತಾಡಿಸುವ ಕೆಲಸ. ಆಮೇಲೆ ಮಿಷನ್ನುಗಳು ಬಂದವು, ಬೋರ್ಡುಗಳು ನಿಂತವು, ಕಟ್ಟಡದಲ್ಲಿ ಪಾರಿವಾಳಗಳು ಸಂಸಾರ ಹೂಡಿದವು. ಹೋದ ವರ್ಷ ಯಾರೋ ಅದನ್ನು ಕೊಂಡು, ಒಬ್ಬ ಕಲಾವಿದನ ಕೈಗೆ ಕೊಟ್ಟು, ಹನ್ನೆರಡು ರೂಮಿನ ಹೋಟೆಲು ಮಾಡಿಸಿದರು.

ಕಲಾವಿದ ಸುಮ್ಮನೆ ಬಿಡುವ ಆಸಾಮಿಯಲ್ಲ. ಹನ್ನೆರಡು ಬೋರ್ಡುಗಳನ್ನೂ ಕಿತ್ತು, ಒಂದೊಂದು ರೂಮಿನ ಮಂಚದ ತಲೆಯ ಕಡೆ ಒಂದೊಂದನ್ನು ನಿಲ್ಲಿಸಿದ್ದ. ರೂಮುಗಳಿಗೆ ನಂಬರಿಲ್ಲ, ಹೆಸರು. ‘ನಿರೀಕ್ಷೆ’, ‘ಮೌನ’, ‘ಉಸಿರು’. ನಮ್ಮದು ‘ತವಕ’. ಬೋರ್ಡುಗಳಿದ್ದ ದೊಡ್ಡ ಹಾಲು ಈಗ ತಿಂಡಿ ತಿನ್ನುವ ಹಾಲು. ಅಲ್ಲಿನ ಉದ್ದ ಗೋಡೆಯ ತುಂಬ ಕಿವಿಗಳ ಚಿತ್ರ ಬರೆದಿದ್ದ. ದೊಡ್ಡ ಕಿವಿ, ಸಣ್ಣ ಕಿವಿ, ಓಲೆ ಹಾಕಿದ ಕಿವಿ, ಕೂದಲು ಬೆಳೆದ ಕಿವಿ. ಗೋಡೆಗೂ ಕಿವಿ ಇರುತ್ತೆ ಅನ್ನುವ ಮಾತನ್ನು ಬಣ್ಣ ಬಳಿದು ನಿಜ ಮಾಡಿಬಿಟ್ಟಿದ್ದ. ಅವನ ಹೆಮ್ಮೆಯೆಲ್ಲ ಇದ್ದದ್ದು ಮಾತ್ರ ಪ್ರತಿ ರೂಮಿನಲ್ಲಿಟ್ಟ ಹಳೇ ಕಪ್ಪು ಫೋನಿನ ಮೇಲೆ. ಅದನ್ನು ಎತ್ತಿದರೆ ಆ ಕಾಲದ ಆಪರೇಟರ್ ಮಾತಾಡುತ್ತಾಳೆ. "ಎಕ್ಸ್‌ಚೇಂಜ್. ನಂಬರ್ ಹೇಳಿ. ಲೈನಿನಲ್ಲೇ ಇರಿ."

ಆ ಧ್ವನಿ ನಮ್ಮಕ್ಕನದು. ಎರಡು ತಿಂಗಳ ಹಿಂದೆ ಹುಡುಕಿಕೊಂಡು ಬಂದು, ಮೂರು ದಿನ ಕೂರಿಸಿ ರೆಕಾರ್ಡ್ ಮಾಡಿಕೊಂಡಿದ್ದರು. ಅದರ ಉಪಕಾರಕ್ಕೆ, ನಿಮ್ಮ ತಂಗಿಯನ್ನೂ ಕರೆದುಕೊಂಡು ಬಂದು ಎರಡು ದಿನ ಇದ್ದು ಹೋಗಿ ಎಂದರು. ಅಕ್ಕ ಹೊಸ ಚಪ್ಪಲಿ ಕೊಂಡಳು. ನಾನು ಬರಲ್ಲ ಎಂದೆ, ಬಂದೆ.

ನಾನು ಬಟ್ಟೆ ಹೊಲಿಯುವವಳು. ಗಂಡ ಹೋದ ಮೇಲೆ ಹೊಲಿಗೆ ಮಿಷನ್ ಎತ್ತಿಕೊಂಡು ಅಕ್ಕನ ಮನೆಗೆ ಬಂದೆ, ಇಪ್ಪತ್ತೆರಡು ವರ್ಷದಿಂದ ಅಲ್ಲೇ ಇದ್ದೇನೆ. ಅಕ್ಕ ಮದುವೆಯಾಗಲಿಲ್ಲ. ನನಗೆ ಅವಳು, ಅವಳಿಗೆ ನಾನು. ಮೂರನೆಯದು ಅಂತ ಇದ್ದರೆ ಮಿಷನ್ನೇ. ನನಗೆ ಆ ಎಕ್ಸ್‌ಚೇಂಜ್ ಕಂಡರೆ ಆಗುತ್ತಿರಲಿಲ್ಲ. ಅಮ್ಮ ತೀರಿಕೊಂಡಾಗ ನನಗೆ ಹನ್ನೊಂದು. ಮನೆಗೆ ಅನ್ನ ತರಬೇಕು ಎಂದು ಅಕ್ಕ ಅಲ್ಲಿಗೆ ಸೇರಿದಳು, ಸೇರಿದವಳು ಅಲ್ಲೇ ಸೇರಿಹೋದಳು. ನನ್ನ ಮದುವೆಯ ದಿನವೂ ಅರ್ಧ ದಿನ ಡ್ಯೂಟಿ ಮುಗಿಸಿ ಬಂದವಳು ಅವಳು. ಆ ಬೆಳಿಗ್ಗೆ, ಇಂಜೆಕ್ಷನ್ ಆದ ಮೇಲೆ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತ, ಸೂಪರ್‌ವೈಸರ್ ಎಲ್ಲಿ ಕೂರುತ್ತಿದ್ದಳು, ಯಾರು ಯಾರ ಪಕ್ಕ ಕೂರುತ್ತಿದ್ದರು ಎಂದು ಶುರುಮಾಡಿದಳು. ನಿನ್ನೆಯಿಂದ ಅದು ನಾಲ್ಕನೇ ಸಲ.

"ಮೂವತ್ತೊಂದು ವರ್ಷ ಈ ಕಟ್ಟಡಕ್ಕೆ ಜೀತ ಮಾಡಿದ್ದು ಸಾಲದಾ ನಿನಗೆ?" ಎಂದೆ. "ಊರವರಿಗೆಲ್ಲ ಲೈನ್ ಕೊಟ್ಟೆ. ಮನೇಲಿ ಒಬ್ಬಳು ತಂಗಿ ಇದ್ದಾಳೆ ಅನ್ನೋದು ಯಾವತ್ತಾದ್ರೂ ನೆನಪಿತ್ತಾ?"

ಅಕ್ಕನಿಗೆ ಸಿಟ್ಟು ಬರುವುದಿಲ್ಲ, ಅದೇ ಅವಳಲ್ಲಿ ನನಗೆ ಸಿಟ್ಟು ಬರಿಸುವ ಗುಣ. "ನೀನೊಂದು ಪಟಾಕಿ. ಬತ್ತಿ ಹಚ್ಚೋದೇ ಬೇಡ," ಎಂದು ನಕ್ಕು, ಹೊಸ ಚಪ್ಪಲಿ ಮೆಟ್ಟಿಕೊಂಡು ಹೋದಳು. ಅವಳ ಮೊಬೈಲು ಚಾರ್ಜಿಗೆ ಹಾಕಿದ್ದು ಹಾಕಿದ ಹಾಗೇ ಇತ್ತು.

ಒಂಬತ್ತಕ್ಕೆ ನಾನು ಹಾಲಿಗೆ ಹೋದಾಗ ಅಕ್ಕ ಅಲ್ಲಿರಲಿಲ್ಲ. ಕಿವಿಗಳ ಗೋಡೆಯ ಪಕ್ಕದ ಮೇಜಿನಲ್ಲಿ ಕೂತೆ. ಬಂಡಿಚಕ್ರದಷ್ಟು ದೊಡ್ಡ ತಟ್ಟೆ ಬಂತು, ಅದರ ನಡುವೆ ಒಂದು ತುಂಡು ಬ್ರೆಡ್ಡು, ಮೂರು ದ್ರಾಕ್ಷಿ, ಒಂದು ಎಲೆ, ಜೊತೆಗೆ ಬೆರಳುದ್ದದ ಜೇನುತುಪ್ಪದ ಶೀಶೆ. ಇದನ್ನು ತಿನ್ನಬೇಕೋ ಫ್ರೇಮು ಹಾಕಿಸಬೇಕೋ ಗೊತ್ತಾಗಲಿಲ್ಲ. ತಿಂದೆ. ಅಕ್ಕನಿಗೆಂದು ತಂದಿಟ್ಟ ತಟ್ಟೆಯ ಮೇಲೆ ನನ್ನ ಖಾಲಿ ತಟ್ಟೆ ಮುಚ್ಚಿಟ್ಟೆ. ಕರೆಯಲು ಹೋಗಬಾರದು, ಅವಳೇ ಬರಲಿ ಎಂದು ಹಟ ಹಿಡಿದು ಕೂತೆ. ಹಾಲಿನಲ್ಲಿ ಅದೇನೋ ಸಂಗೀತ ಹಾಕಿದ್ದರು. ನಡುನಡುವೆ ಢಬ್, ಢಬ್ ಎಂದು ಎಲ್ಲೋ ಬಡಿದ ಹಾಗೆ ಕೇಳುತ್ತಿತ್ತು. ಈಗಿನ ಹಾಡುಗಳೇ ಹೀಗೆ, ತಾಳವೊಂದು ಕಡೆ ರಾಗವೊಂದು ಕಡೆ ಎಂದುಕೊಂಡೆ. ಆಮೇಲೆ ಆ ಬಡಿತ ನಿಂತಿತು.

ಒಂಬತ್ತೂವರೆ ಆಯಿತು. ನನ್ನ ಹಟ ಸಡಿಲವಾಯಿತು. ಇಂಜೆಕ್ಷನ್ ಆಗಿ ಮುಕ್ಕಾಲು ಗಂಟೆ.

ಮೆಟ್ಟಿಲು ಹತ್ತಿ ರೂಮಿಗೆ ಹೋದೆ. ಅಲ್ಲೂ ಇಲ್ಲ. ಬಚ್ಚಲಿನಲ್ಲೂ ಇಲ್ಲ. ರಿಸೆಪ್ಷನ್ನಿಗೆ ಫೋನು ಮಾಡೋಣವೆಂದರೆ ಅವರ ಹೊಸ ಫೋನು ಸೋಪಿನ ಡಬ್ಬಿಯ ಹಾಗಿದೆ, ಎಲ್ಲಿ ಒತ್ತಬೇಕೋ ತಿಳಿಯದು. ಗಾಬರಿಯಲ್ಲಿ ಕೈ ಕಪ್ಪು ಫೋನಿಗೆ ಹೋಯಿತು. ಎತ್ತಿ ಕಿವಿಗಿಟ್ಟೆ.

"ಎಕ್ಸ್‌ಚೇಂಜ್. ನಂಬರ್ ಹೇಳಿ," ಎಂದಿತು ಅಕ್ಕನ ಧ್ವನಿ. ಹಿಂದೆಯೇ ಏನೋ ಗುಸುಗುಸು, ಹಲೋ ಹಲೋ.

ಅವಳು ಸಿಗದೆ ನಾನು ಸಾಯುತ್ತಿರುವಾಗ ಅವಳ ಈ ನಾಟಕದ ಧ್ವನಿ ಕೇಳಿ ನನಗೆ ತಲೆ ಕೆಟ್ಟಿತು. "ಇಲ್ಲೂ ನಿಂದೇ ಗೋಳಾ? ಸಾಕು, ಬಾಯಿ ಮುಚ್ಕೋ," ಎಂದು ಫೋನನ್ನು ಕುಕ್ಕಿದೆ. ರೆಕಾರ್ಡಿಗೆ ಬೈಯುವವಳು ನಾನೊಬ್ಬಳೇ ಇರಬೇಕು ಎಂದು ನನ್ನ ಮೇಲೆಯೇ ರೇಗುತ್ತ ಕೆಳಗೆ ಓಡಿದೆ.

ರಿಸೆಪ್ಷನ್ನಿನಲ್ಲಿ ಮ್ಯಾನೇಜರ್ ಇದ್ದ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. "ಗಾಬರಿ ಆಗ್ಬೇಡಿ ಮೇಡಂ. ಇಲ್ಲಿಗೆ ಬಂದವರು ಕಲೆ ನೋಡ್ತಾ ಮೈಮರೀತಾರೆ. ಎಲ್ಲೋ ನಿಂತಿರ್ತಾರೆ."

"ನಮ್ಮಕ್ಕ ಮೈಮರೆಯೋದು ಬೇರೆ ಥರ. ಇಂಜೆಕ್ಷನ್ ತಗೊಂಡಿದ್ದಾಳೆ, ತಿಂಡಿ ತಿಂದಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಎಚ್ಚರ ತಪ್ಪಿ ಬೀಳ್ತಾಳೆ. ಹುಡುಕಿಸಿ."

ಆಗ ಅವನ ಮುಖದ ಇಸ್ತ್ರಿ ಸ್ವಲ್ಪ ಮುದುರಿತು. ಗೇಟಿನವನನ್ನು ಕೇಳಿದ, ಬೆಳಿಗ್ಗೆಯಿಂದ ಯಾವ ಹೆಂಗಸೂ ಹೊರಗೆ ಹೋಗಿಲ್ಲ ಎಂಬ ಉತ್ತರ ಬಂತು. ಕಸ ಗುಡಿಸುವವಳನ್ನು ಮೇಲಕ್ಕೆ ಕಳಿಸಿದ, ತಾನೇ ಮಹಡಿಗಳಿಗೆ ಫೋನು ಮಾಡಿದ. ಎಲ್ಲೂ ಇಲ್ಲ. ಗಡಿಯಾರದಲ್ಲಿ ಒಂಬತ್ತು ನಲವತ್ತೈದು.

ಅಷ್ಟರಲ್ಲಿ ಕೊರಳಿಗೆ ಕ್ಯಾಮೆರಾ ತೂಗುಹಾಕಿಕೊಂಡ ಒಬ್ಬ ಅತಿಥಿ ಮೆಟ್ಟಿಲಿಳಿದು ಬಂದ. ಮೂವತ್ತರ ಒಳಗಿನವನು. ಮ್ಯಾನೇಜರ್ ಕಡೆ ಹೆಬ್ಬೆರಳು ಎತ್ತಿ ತೋರಿಸಿದ.

"ಸಾರ್, ಸೂಪರ್. ನಿನ್ನೆ ಫೋನಲ್ಲಿ ಬರೀ ನಂಬರ್ ಹೇಳಿ ಅಂತ ಬರ್ತಿತ್ತು. ಇವತ್ತು ಹೊಸದು ಹಾಕಿದ್ದೀರಲ್ಲ, ಮೈ ಜುಮ್ ಅಂತು."

"ಹೊಸದಾ? ಏನೂ ಹಾಕಿಲ್ಲವಲ್ಲ," ಎಂದ ಮ್ಯಾನೇಜರ್.

"ಅದೇ ಸಾರ್, ‘ನಾನು ಒಳಗೆ ಸಿಕ್ಕಿಹಾಕ್ಕೊಂಡಿದ್ದೀನಿ, ಬಾಗಿಲಿಗೆ ಈ ಕಡೆ ಹಿಡಿ ಇಲ್ಲ, ದಯವಿಟ್ಟು ನನ್ನ ತಂಗಿಗೆ ತಿಳಿಸಿ’ ಅಂತ. ಎಷ್ಟು ಶಾಂತವಾಗಿ ಹೇಳ್ತಾರೆ. ಕಣ್ಣಲ್ಲಿ ನೀರು ಬಂತು. ಎರಡು ಸಲ ಕೇಳಿದೆ."

ಅದು ಅಕ್ಕನೇ ಮಾತಾಡಿದ್ದು. ಎಕ್ಸ್‌ಚೇಂಜಿನ ಮೊದಲ ಪಾಠವೇ ಅದು, ಅಕ್ಕ ಸಾವಿರ ಸಲ ಹೇಳಿದ್ದಳು. ಬೆಂಕಿ ಬಿದ್ದರೂ ಲೈನಿನಲ್ಲಿ ಕೂಗಬಾರದು. ಕೂಗಿದರೆ ಆ ಕಡೆಯವರಿಗೆ ಅರ್ಥವಾಗುವುದಿಲ್ಲ. ನಿಧಾನವಾಗಿ, ಸ್ಪಷ್ಟವಾಗಿ, ದಯವಿಟ್ಟು ಸೇರಿಸಿ ಹೇಳಬೇಕು. ಅವಳು ಹಾಗೇ ಹೇಳಿದ್ದಳು. ಕೇಳಿದವರು ಕಲೆ ಎಂದುಕೊಂಡರು. ನಾನು ಕೇಳಲೂ ಇಲ್ಲ.

ರಿಸೆಪ್ಷನ್ನಿನ ಮೇಜಿನ ಮೇಲೂ ಒಂದು ಕಪ್ಪು ಫೋನಿತ್ತು. ಎತ್ತಿದೆ.

ಅದರಲ್ಲಿ ಇಬ್ಬರು ಅಕ್ಕಂದಿರಿದ್ದರು. ಒಬ್ಬಳು ಗಟ್ಟಿಯಾಗಿ, ಚೊಕ್ಕವಾಗಿ, "ಎಕ್ಸ್‌ಚೇಂಜ್, ನಂಬರ್ ಹೇಳಿ" ಎನ್ನುತ್ತಿದ್ದಳು. ಅವಳ ಮಾತಿನ ಅಡಿಯಲ್ಲಿ ಇನ್ನೊಬ್ಬಳು ಉಸಿರಾಡುತ್ತಿದ್ದಳು. ಒಂದೇ ಗಂಟಲು, ಎರಡು ಧ್ವನಿ. ನನ್ನ ಜನ್ಮದಲ್ಲಿ ಅಂಥ ಭಯ ನನಗೆ ಆಗಿರಲಿಲ್ಲ.

"ಈ ರೆಕಾರ್ಡು ನಿಲ್ಲಿಸಿ," ಎಂದೆ. ಮ್ಯಾನೇಜರ್ ಮೇಜಿನ ಕೆಳಗೆ ಕೈ ಹಾಕಿ ಪ್ಲಗ್ ಕಿತ್ತ. ಗಟ್ಟಿ ಅಕ್ಕ ಸುಮ್ಮನಾದಳು. ಉಸಿರಿನ ಅಕ್ಕ ಉಳಿದಳು.

"ಅಕ್ಕ, ನಾನು. ಎಲ್ಲಿದ್ದೀಯ?"

"ನಂಬರ್ ಹೇಳಿ," ಎಂದಳು. ನಾಲಿಗೆ ದಪ್ಪವಾದವರ ಮಾತು.

"ಅಕ್ಕ, ನಾನು ಪಟಾಕಿ. ಎಲ್ಲಿದ್ದೀಯ ಹೇಳು."

"ಐದರ ಮೇಲೊಂದು," ಎಂದಳು. "ಹಿಂದೆ. ಐದರ ಮೇಲೊಂದರ ಹಿಂದೆ. ಮೂರು ನಿಮಿಷ ಮುಗೀತು. ಮಾತು ಮುಂದುವರಿಸ್ತೀರಾ?"

ಡಾಕ್ಟರು ಹೇಳಿದ ಅಡ್ಡಾದಿಡ್ಡಿ ಮಾತು ಶುರುವಾಗಿತ್ತು. ಅವಳು ನನ್ನ ಅಕ್ಕನಾಗಿ ಅಲ್ಲ, ಮೂರು ನಿಮಿಷಕ್ಕೊಮ್ಮೆ ಕರೆಯ ಲೆಕ್ಕ ಕೇಳುವ, ಡ್ಯೂಟಿಯ ಮೇಲಿನ ಆಪರೇಟರ್ ಆಗಿ ಮಾತಾಡುತ್ತಿದ್ದಳು.

"ಐದರ ಮೇಲೆ ಅಂದ್ರೆ? ನಮ್ಮಲ್ಲಿರೋದೇ ಮೂರು ಮಹಡಿ," ಎಂದ ಮ್ಯಾನೇಜರ್.

"ಐದರ ಮೇಲೊಂದು ಅಂದ್ರೆ ಆರು ಕಣಪ್ಪ. ಅವಳು ಕೂರ್ತಿದ್ದ ಬೋರ್ಡು," ಎಂದೆ.

ಹಳೇ ಲೈನಿನ ಗರಗರ ಸದ್ದಿನಲ್ಲಿ ಆರು, ಮೂರು, ನೂರು ಎಲ್ಲವೂ ಒಂದೇ ಥರ ಕೇಳಿಸುತ್ತಿದ್ದವಂತೆ. ಮೂರನೇ ನಂಬರಿಗೆ ಹೋಗಬೇಕಾದ ಸಾವಿನ ಸುದ್ದಿ ಆರಕ್ಕೆ ಹೋಗಿ, ಆ ಮನೆಯವರು ಬದುಕಿದ್ದವರಿಗಾಗಿ ಅತ್ತು, ರಾಮಾಯಣವಾಗಿ, ಆಮೇಲೆ ಈ ಎಕ್ಸ್‌ಚೇಂಜಿನ ಹೆಂಗಸರು ಆರು ಅನ್ನುವುದನ್ನೇ ಬಿಟ್ಟರು. ಅಕ್ಕನ ಬಾಯಿಗೆ ಅದು ಎಷ್ಟು ಅಂಟಿಕೊಂಡಿತ್ತೆಂದರೆ ಅಂಗಡಿಯಲ್ಲೂ "ಐದರ ಮೇಲೊಂದು ಬಾಳೆಹಣ್ಣು" ಎನ್ನುವಳು. ಐದು ಕೊಂಡರೆ ಒಂದು ಪುಕ್ಕಟೆ ಕೇಳುತ್ತಿದ್ದಾಳೆ ಎಂದು ಅಂಗಡಿಯವನು ಜಗಳಕ್ಕೆ ಬಂದದ್ದೂ ಉಂಟು. ಆರನೇ ಬೋರ್ಡು ಅವಳದು. ನನ್ನ ಜಾಗ ಎಂದರೆ ಅದೇ.

"ಆರನೇ ಬೋರ್ಡು ‘ಮೌನ’ ರೂಮಲ್ಲಿದೆ," ಎಂದ ಮ್ಯಾನೇಜರ್, ಓಡತೊಡಗಿದ.

ನಾನು ಫೋನನ್ನು ಕ್ಯಾಮೆರಾದವನ ಕೈಗೆ ತುರುಕಿದೆ. "ಇದು ರೆಕಾರ್ಡಲ್ಲ, ನಮ್ಮಕ್ಕ. ಮಾತಾಡ್ತಾ ಇರು. ನಿದ್ದೆ ಮಾಡೋಕೆ ಬಿಡಬೇಡ. ನಿಲ್ಲಿಸಿದರೆ ನೋಡು ಮತ್ತೆ." ಅವನ ಮುಖ ಬಿಳಿಚಿಕೊಂಡಿತು. "ಹಲೋ, ಆಂಟಿ, ಹಲೋ," ಎನ್ನುವುದು ನಾನು ಮೆಟ್ಟಿಲು ಹತ್ತುವವರೆಗೂ ಕೇಳುತ್ತಿತ್ತು.

‘ಮೌನ’ದ ಬಾಗಿಲನ್ನು ಎರಡೂ ಕೈಯಿಂದ ಬಡಿದೆವು. ಟವೆಲ್ಲು ಸುತ್ತಿಕೊಂಡ ಗಂಡಸೊಬ್ಬ ತೆರೆದು, "ಇದೇನ್ರೀ," ಎನ್ನುವಷ್ಟರಲ್ಲಿ ಅವನನ್ನು ಪಕ್ಕಕ್ಕೆ ತಳ್ಳಿ ಒಳಗೆ ನುಗ್ಗಿದ್ದೆ. ಮಂಚದ ತಲೆಯ ಕಡೆ ಬೋರ್ಡು ನಿಂತಿತ್ತು, ಮೇಲೆ ಹಿತ್ತಾಳೆಯಲ್ಲಿ ಆರು ಎಂದು ಬರೆದಿತ್ತು. ಅದರ ಹಿಂದೆ ಗೋಡೆ. ಗೋಡೆಯ ಹಿಂದೆ ಅವರ ಬಚ್ಚಲು. ನಾನು ಬಚ್ಚಲಿಗೂ ಹೋಗಿ ಟೈಲ್ಸ್ ಬಡಿದು ನೋಡಿದೆ. ಗಟ್ಟಿ ಗೋಡೆ. ಮ್ಯಾನೇಜರ್ ಬಗ್ಗಿ ಮಂಚದ ಕೆಳಗೆ ನೋಡಿದ. ಅಲ್ಲಿ ಟವೆಲ್ಲಿನವನ ಬೂಟುಗಳಿದ್ದವು.

"ಬೇರೆ ಎಲ್ಲಾದ್ರೂ ಸಂದಿ, ಕೋಣೆ, ಏನಾದ್ರೂ ಇದೆಯಾ? ಫೋನಿನ ವೈರು ಎಲ್ಲಿಂದ ಬಂದಿದೆ?" ಎಂದೆ.

"ವೈರು ಹೊಸದಾಗಿ ಎಳೆದಿಲ್ಲ ಮೇಡಂ, ಗೋಡೆಯೊಳಗಿನ ಹಳೇ ಲೈನುಗಳನ್ನೇ ಬಳಸಿದ್ದಾರೆ. ನಾನು ಸೇರಿ ನಾಲ್ಕು ತಿಂಗಳಷ್ಟೇ ಆಯ್ತು. ಎಲ್ಲಾ ಗೊತ್ತಿರೋದು ಆರ್ಟಿಸ್ಟಿಗೆ." ಅವನು ಆಗಲೇ ಎರಡು ಸಲ ಫೋನು ಮಾಡಿದ್ದ. ಕಲಾವಿದನ ಮೊಬೈಲು ಸ್ವಿಚ್ ಆಫ್. ಕೆಲಸ ಮಾಡುವಾಗ ಅವರಿಗೆ ತೊಂದರೆ ಕೊಡಬಾರದಂತೆ.

ಒಂಬತ್ತು ಐವತ್ತೈದು. ಆ ರೂಮಿನಲ್ಲಿ ನಿಂತು ನಾನು ಅತ್ತೆ. ನಾಚಿಕೆ ಬಿಟ್ಟು, ಟವೆಲ್ಲಿನವನ ಎದುರಿಗೇ ಅತ್ತೆ. ಅಕ್ಕ ಈ ಕಟ್ಟಡದ ಯಾವುದೋ ಗೋಡೆಯೊಳಗೆ ಡಾಕ್ಟರು ಹೇಳಿದ ಒಂದೊಂದೇ ಮೆಟ್ಟಿಲು ಕೆಳಗಿಳಿಯುತ್ತಿದ್ದಾಳೆ, ನಾನು ಇಲ್ಲಿ ಬೇರೆಯವರ ಮಂಚದ ಪಕ್ಕ ನಿಂತಿದ್ದೇನೆ.

ಅಳು ಬಂದದ್ದು ಒಳ್ಳೆಯದೇ ಆಯಿತು, ತಲೆ ತಿಳಿಯಾಯಿತು. ಬೋರ್ಡು ಇಲ್ಲಿಗೆ ಬಂದದ್ದು ಹೋದ ವರ್ಷ. ಅಕ್ಕ ಮಾತಾಡುತ್ತಿರುವುದು ಹೋದ ವರ್ಷದ ಮಾತಲ್ಲ. ಅವಳ ಲೆಕ್ಕದಲ್ಲಿ ಆರನೇ ಬೋರ್ಡು ಇರುವುದು ಅದು ಮೊದಲು ಇದ್ದ ಕಡೆ. ಕೆಳಗೆ, ಹಾಲಿನಲ್ಲಿ.

"ಬೋರ್ಡುಗಳು ಎಲ್ಲೆಲ್ಲಿದ್ವು ಅಂತ ಗುರುತು ಏನಾದ್ರೂ ಇದೆಯಾ?"

"ನೆಲದಲ್ಲಿ ಇದೆ," ಎಂದ ಮ್ಯಾನೇಜರ್. "ಬೋಲ್ಟ್ ಕಿತ್ತ ತೂತುಗಳಿಗೆ ಹಿತ್ತಾಳೆ ತುಂಬಿದ್ದಾರೆ, ಡಿಸೈನಿಗೆ."

ಹಾಲಿನಲ್ಲಿ ಇಬ್ಬರು ಮೂವರು ಇನ್ನೂ ಕಾಫಿ ಕುಡಿಯುತ್ತಿದ್ದರು. ಸಂಗೀತ ನಡೆದೇ ಇತ್ತು. ನಾನು ಬಾಗಿಲಿನಿಂದ ಎಣಿಸಿದೆ. ಚಿಕ್ಕವಳಿದ್ದಾಗ ಅಕ್ಕನಿಗೆ ಊಟದ ಡಬ್ಬಿ ತಂದು ಇದೇ ಬಾಗಿಲಲ್ಲಿ ನಿಲ್ಲುತ್ತಿದ್ದೆ, ಒಳಗೆ ಬಿಡುತ್ತಿರಲಿಲ್ಲ. ಬಾಗಿಲ ಹತ್ತಿರದ್ದೇ ಒಂದು. ನೆಲದ ಮರದಲ್ಲಿ ನಾಲ್ಕು ಹಿತ್ತಾಳೆ ಬೊಟ್ಟು, ಒಂದು. ಮತ್ತೆ ನಾಲ್ಕು ಬೊಟ್ಟು, ಎರಡು. ಮೂರು. ನಾಲ್ಕು. ಕಾಫಿ ಕುಡಿಯುವವನ ಕುರ್ಚಿ ಎಳೆದು, ಐದು. ಅದರ ಮುಂದಿನದರ ಮೇಲೆ ಒಂದು ಮೇಜಿತ್ತು. ಮೇಜಿನ ಮೇಲೆ ಒಂದು ತಟ್ಟೆ, ಅದರ ಮೇಲೆ ಮುಚ್ಚಿದ ಇನ್ನೊಂದು ತಟ್ಟೆ.

ನಾನು ಕೂತು ತಿಂದ ಮೇಜು ಅದು. ಢಬ್ ಢಬ್ ಎಂದದ್ದು ಹಾಡಲ್ಲ ಎಂದು ಆಗ ಗೊತ್ತಾಯಿತು. ಮೂರು ದ್ರಾಕ್ಷಿಯನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತ ಕೂತಿದ್ದ ನನಗೂ ಅವಳಿಗೂ ನಡುವೆ ಎರಡು ಮಾರು ದೂರವೂ ಇರಲಿಲ್ಲ.

ಹಿಂದೆ ಕಿವಿಗಳ ಗೋಡೆ. ಮೇಲಿಂದ ಕೆಳಗೆ ಬರೀ ಕಿವಿ, ಎಲ್ಲೂ ಬಾಗಿಲಿನ ಗುರುತಿಲ್ಲ. ಮ್ಯಾನೇಜರ್ ಅಂಗೈಯಿಂದ ಬಡಿದುಕೊಂಡು ಹೋದ. ನಾನು ಬಡಿಯಲಿಲ್ಲ, ನೋಡಿದೆ. ನಲವತ್ತು ವರ್ಷ ಚಿತ್ತಾರದ ಬಟ್ಟೆ ಹೊಲಿದವಳಿಗೆ ಜೋಡಣೆ ಎಲ್ಲಿದೆ ಎಂದು ಯಾರೂ ತೋರಿಸಬೇಕಾಗಿಲ್ಲ. ಎರಡು ತುಂಡು ಸೇರುವ ಕಡೆ ಹೂವು ಎಷ್ಟು ಕೂಡಿಸಿದರೂ ಕೂದಲೆಳೆ ತಪ್ಪುತ್ತದೆ. ಓಲೆ ಹಾಕಿದ ಕಿವಿಯೊಂದರ ಎಡಗಡೆಯ ಅರ್ಧ ಬಲಗಡೆಯ ಅರ್ಧಕ್ಕೆ ಸರಿಯಾಗಿ ಕೂಡಿರಲಿಲ್ಲ. ಅಲ್ಲಿಂದ ನೇರ ಕೆಳಗೆ ಬಂದರೆ ಮತ್ತೊಂದು ಕಿವಿ, ಅದೂ ತಪ್ಪಿತ್ತು. ಆ ಗೆರೆಯ ಪಕ್ಕ ಭುಜ ಕೊಟ್ಟು ನೂಕಿದೆ. ಗೋಡೆ ಒಳಕ್ಕೆ ಹೋಯಿತು.

ಒಬ್ಬರು ಅಡ್ಡವಾಗಿ ನಡೆಯುವಷ್ಟು ಸಂದಿ. ಬೋರ್ಡುಗಳ ಹಿಂದಿನ ವೈರು ಸರಿಪಡಿಸಲು ಬಿಟ್ಟ ದಾರಿಯಂತೆ. ದೂಳು, ಎಣ್ಣೆಯ ವಾಸನೆ, ಸತ್ತ ವೈರುಗಳು. ಬಾಗಿಲಿನ ಹಿಂಬದಿಗೆ ಸದ್ದು ಹೊರಗೆ ಬಾರದ ಹಾಗೆ ದಪ್ಪ ಹತ್ತಿ ಹೊಡೆದಿದ್ದರು, ಹಿಡಿಯಿದ್ದ ಕಡೆ ಎರಡು ತೂತು ಮಾತ್ರ. ಅಕ್ಕ ನೆಲದ ಮೇಲೆ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಬಟ್ಟೆಯೆಲ್ಲ ಬೆವರಿನಿಂದ ಒದ್ದೆ. ಗೋಡೆಗೆ ಸಿಕ್ಕಿಸಿದ್ದ ಲೈನ್‌ಮನ್‌ಗಳ ಹಳೇ ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಅದರೊಳಗಿಂದ ಕ್ಯಾಮೆರಾದವನು, "ಆಂಟಿ, ಮಾತಾಡಿ ಆಂಟಿ," ಎಂದು ಅಳುತ್ತಿದ್ದ. ಅಕ್ಕನ ತುಟಿ ಅಲುಗುತ್ತಿತ್ತು, ಮಾತು ಬರುತ್ತಿರಲಿಲ್ಲ.

ಮೇಜಿನ ಮೇಲಿದ್ದ ಜೇನುತುಪ್ಪದ ಶೀಶೆ ತಂದೆ. ಬೆರಳಿನಿಂದ ತೆಗೆದು ಅವಳ ಒಸಡಿಗೆ ಹಚ್ಚಿದೆ. ಅರ್ಧ ಗಲ್ಲಕ್ಕೆ ಹೋಯಿತು. ಮತ್ತೆ ಹಚ್ಚಿದೆ. ಅವಳ ಕಣ್ಣು ನನ್ನ ಮೇಲೆಯೇ ಇತ್ತು, ನನ್ನನ್ನು ನೋಡುತ್ತಿರಲಿಲ್ಲ. ಆಮೇಲೆ ಕಣ್ಣು ಮೇಲಕ್ಕೆ ಹೋಗಿ ತಲೆ ನನ್ನ ತೋಳಿನ ಮೇಲೆ ಬಿತ್ತು. "ಅಕ್ಕ, ಅಕ್ಕ" ಎಂದು ಎಷ್ಟು ಸಲ ಕರೆದೆನೋ ಗೊತ್ತಿಲ್ಲ. ಆಂಬುಲೆನ್ಸಿನವರು ಬಂದು ನನ್ನನ್ನು ಬಿಡಿಸಬೇಕಾಯಿತು.

ಆಸ್ಪತ್ರೆಯಲ್ಲಿ ನರಕ್ಕೆ ಸಕ್ಕರೆ ನೀರು ಏರಿಸಿದರು. ಪರದೆಯ ಆಚೆ ಬೆಂಚಿನ ಮೇಲೆ ಕೂತು ನಾನು ನೆಲದ ಟೈಲ್ಸ್ ಎಣಿಸಿದೆ. ಅವಳಿಗೆ ಎಚ್ಚರ ಬರದಿದ್ದರೆ ಮನೆಗೆ ಹೋಗಿ ಬೀಗ ತೆಗೆಯುವುದು ಹೇಗೆ ಎಂಬುದೊಂದೇ ತಲೆಯಲ್ಲಿತ್ತು. ಬೀಗದ ಕೈ ಅವಳ ಚೀಲದಲ್ಲಿದೆ. ಆ ಚೀಲಕ್ಕೆ ಕೈ ಹಾಕಲು ನನ್ನಿಂದ ಆಗುವುದಿಲ್ಲ ಎನಿಸಿತು. ಮ್ಯಾನೇಜರ್ ಬಾಗಿಲ ಬಳಿ ನಿಂತಿದ್ದ, ಅಂಗಿಯ ತುಂಬ ದೂಳು. ಅವನಿಗೆ ಬೈಯಲು ನನ್ನಲ್ಲಿ ಒಂದು ಮಾತೂ ಉಳಿದಿರಲಿಲ್ಲ.

ಹನ್ನೊಂದೂವರೆ ಹೊತ್ತಿಗೆ ನರ್ಸು ಪರದೆ ಸರಿಸಿ, "ಮಾತಾಡ್ತಿದ್ದಾರೆ, ಬನ್ನಿ," ಎಂದಳು.

ಅಕ್ಕ ಸೂರು ನೋಡುತ್ತ ಮಲಗಿದ್ದಳು. ನನ್ನನ್ನು ಕಂಡು, "ನಿಂದು ತಿಂಡಿ ಆಯ್ತಾ?" ಎಂದಳು.

"ಆಯ್ತು," ಎಂದೆ. ಆ ಒಂದು ಮಾತು ಹೇಳಲು ನನಗೆ ಎಷ್ಟು ಕಷ್ಟವಾಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ. ಅವಳ ಕೈ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತೆ.

"ಆ ಬಾಗಿಲು ಗೋಡೆ ಥರ ಮಾಡಿದ್ದಾರೆ," ಎಂದಳು. "ಇದೆಯೋ ಇಲ್ವೋ ಅಂತ ನೂಕಿ ನೋಡಿದೆ. ಒಳಗೆ ಕಾಲಿಟ್ಟೆ, ಹಿಂದೆ ಮುಚ್ಚಿಕೊಳ್ತು. ನಮ್ಮ ಕಾಲದಲ್ಲಿ ಹಿಡಿ ಇತ್ತು."

"ಹೂಂ."

"ಆ ಫೋನಲ್ಲಿ ಇನ್ನೂ ಜೀವ ಇದೆ ನೋಡು. ಯಾರ್ಯಾರೋ ಎತ್ತಿದ್ರು. ಒಬ್ಬ ಹುಡುಗ ಪಾಪ ಅಳ್ತಿದ್ದ."

"ಹೂಂ. ಜಾಸ್ತಿ ಮಾತಾಡಬೇಡ."

ಮತ್ತೆ ಸೂರಿನ ಕಡೆ ತಿರುಗಿದಳು. ಆಮೇಲೆ, "ನೀನೂ ಎತ್ತಿದ್ದೆ," ಎಂದಳು.

ಇದೊಂದು ಅವಳಿಗೆ ಗೊತ್ತಾಗದೆ ಹೋಗಲಿ ಎಂದು ಬೆಂಚಿನ ಮೇಲೆ ಕೂತಷ್ಟು ಹೊತ್ತೂ ಬೇಡಿಕೊಂಡಿದ್ದೆ.

"ರೆಕಾರ್ಡು ಅಂದ್ಕೊಂಡೆ ಅಕ್ಕ."

"ಗೊತ್ತು."

"ಬೈದೆ."

"ಕೇಳಿಸ್ತು. ನಿನ್ನ ಬೈಗುಳ ಕೇಳಿ ಹೋದ ಜೀವ ಬಂತು ನನಗೆ. ಸದ್ಯ, ನಮ್ಮವಳೇ ಎತ್ತಿದ್ಲು, ಇನ್ನು ಹೆದರಿಕೆ ಇಲ್ಲ ಅಂದ್ಕೊಂಡೆ."

ಅವಳು ನನ್ನನ್ನು ದೂರುತ್ತಿರಲಿಲ್ಲ. ಯಾವ ಕರೆ ಯಾವಾಗ ಬಂತು, ಯಾವಾಗ ಕಡಿಯಿತು ಎಂದು ಸೂಪರ್‌ವೈಸರ್‌ಗೆ ಒಪ್ಪಿಸುವ ಹಾಗೆ ಹೇಳುತ್ತಿದ್ದಳು. ಕೇಳಬಾರದಿತ್ತು, ಆದರೆ ಕೇಳದೆ ಇರಲು ನನ್ನಿಂದ ಆಗಲಿಲ್ಲ.

"ನಾನು ಫೋನ್ ಇಡೋ ಮುಂಚೆ ನೀನೇನೋ ಹೇಳಿದೆ. ಏನಂದೆ?"

"ಇಡಬೇಡ ಕಣೆ ಅಂದೆ," ಎಂದಳು ಅಕ್ಕ. "ಅಷ್ಟೊತ್ತಿಗೆ ನೀನು ಇಟ್ಟುಬಿಟ್ಟಿದ್ದೆ."

ನರ್ಸು ರಕ್ತದ ಸಕ್ಕರೆ ನೋಡುವ ಮಿಷನ್ ಹಿಡಿದುಕೊಂಡು ಬಂದು, ಬೆರಳು ಚುಚ್ಚಬೇಕು, ಕೈ ಬಿಡಿ ಎಂದಳು. ನಾನು ಬಿಡಲಿಲ್ಲ. ಅವಳು ಇನ್ನೊಂದು ಸಲ ಹೇಳಿದಳು.

"ಆ ಕಡೆ ಇನ್ನೊಂದು ಕೈ ಇದೆಯಲ್ಲಮ್ಮ, ಅದರಲ್ಲಿ ನೋಡ್ಕೋ," ಎಂದೆ.